ಮೊದಲು ಬಡಿದು ಕೇಳಿ, ಬಣ್ಣ ಆಮೇಲೆ

ಪ್ರತಿಸಲ ಗಾದೆ, ಒಗಟು, ವ್ಯಾಕರಣ ಅಂತ ಬರುವ ಈ ಆಂಟಿ ಇವತ್ತು ದೋಣಿ ರಿಪೇರಿ ಬಗ್ಗೆ ಮಾತಾಡ್ತೀನಿ ಅಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಕೇಳಿ. ನಿಮ್ಮದೇ ವಯಸ್ಸಿನ ಇಬ್ಬರು ಮಾಡಿದ ಕೆಲಸ ಇದು, ಕಳೆದ ಚಳಿಗಾಲದಲ್ಲಿ, ನನ್ನ ಕಣ್ಣೆದುರಿಗೆ.

ಜಿದ್ದಾದಲ್ಲಿ ಬೆಳೆದವರಿಗೆ ಒಬ್ಹೂರ್ ಗೊತ್ತೇ ಇರುತ್ತದೆ. ಊರಿನ ಉತ್ತರಕ್ಕೆ ಸಮುದ್ರ ಒಂದು ಉದ್ದನೆಯ ನಾಲಿಗೆಯ ಹಾಗೆ ನೆಲದೊಳಗೆ ಬಂದಿದೆ. ಅದರ ಎರಡೂ ದಡದಲ್ಲಿ ದೋಣಿಗಳು ಸಾಲುಸಾಲಾಗಿ ನಿಂತಿರುತ್ತವೆ. ಹೊಳೆಯುವ ಹೊಸ ದೋಣಿಗಳ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣ ಹೋದ, ಗಾಜು ಮಂಕಾದ ಹಳೆಯ ದೋಣಿ ಕಾಣಿಸುತ್ತದೆ. ಅಂಥ ಒಂದು ದೋಣಿಯ ಕಥೆ ಇದು. ಉದ್ದ ಏಳು ಮೀಟರ್. ಮುಂದೆ ಇಬ್ಬರು ಮಲಗುವಷ್ಟು ಸಣ್ಣ ಕೋಣೆ, ಒಂದು ಕಟ್ಟೆಯಷ್ಟು ಅಡುಗೆಜಾಗ, ಹಿಂದೆ ಕೂರಲು ಬೆಂಚು. ಇದನ್ನು ಕ್ಯಾಬಿನ್ ಕ್ರೂಸರ್ ಅಂತಾರೆ. ಮೀನು ಹಿಡಿಯುವುದಕ್ಕಲ್ಲ, ಎರಡು ದಿನ ನೀರಿನ ಮೇಲೆ ಇದ್ದು ಬರುವುದಕ್ಕೆ ಮಾಡಿದ ದೋಣಿ.

ದೋಣಿಯ ವಯಸ್ಸು ಕಂಡುಹಿಡಿದದ್ದು ತಂಗಿ ಅಲ್ಲ, ಅಕ್ಕ. (ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಇರುವುದು, ಆದರೂ ತಮ್ಮ ತಾನೇ ಕಂಡುಹಿಡಿದೆ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದ. ಅದಕ್ಕೇ ಅಕ್ಕ ಅವನನ್ನು ತಂಗಿ ಅಂತ ರೇಗಿಸುವುದು.) ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಕಟ್ಟಿದ ಪ್ರತಿ ದೋಣಿಯ ಹಿಂಬದಿಯಲ್ಲಿ, ಬಲಮೂಲೆಯಲ್ಲಿ, 12 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಕೆತ್ತಿರುತ್ತಾರೆ. ಮೊದಲ ಮೂರು ಅಕ್ಷರ ಕಟ್ಟಿದ ಕಂಪನಿಯದು, ಕೊನೆಯಲ್ಲಿ ವರ್ಷ ಇರುತ್ತದೆ. ಮೂರು ಪದರ ಬಣ್ಣ ಕೆರೆದ ಮೇಲೆ ಆ ಸಂಖ್ಯೆ ಸಿಕ್ಕಿತು. 1978. ಅವರ ಅಪ್ಪನಿಗಿಂತ ಒಂದೇ ವರ್ಷ ಚಿಕ್ಕದು.

ದೋಣಿ ಅವರದಲ್ಲ. ಅವರಪ್ಪ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಅಂಗಡಿಯ ಮಾಲೀಕರದು, ವಯಸ್ಸಾದ ಸೌದಿ ಯಜಮಾನರು. ಅವರು ಇಟ್ಟ ಷರತ್ತು ಸರಳ. ಸಾಮಾನಿನ ಖರ್ಚು ನನ್ನದು, ಕೆಲಸ ನಿಮ್ಮದು. ಬೇಸಿಗೆ ಶುರುವಾಗುವ ಮೊದಲು ದೋಣಿ ನೀರಿಗಿಳಿದರೆ ನಿಮ್ಮ ಮನೆಯವರೂ ನಮ್ಮ ಮನೆಯವರೂ ಅದರಲ್ಲಿ ಹೋಗೋಣ. ಆಗದಿದ್ದರೆ ಒಡೆಸಿ ಹಾಕುತ್ತೇನೆ, ನಿಲ್ಲಿಸುವ ಬಾಡಿಗೆ ಕಟ್ಟಿ ಸಾಕಾಗಿದೆ.

ಹುಡುಗ ಮೊದಲ ದಿನವೇ ಬಣ್ಣದ ಕ್ಯಾಟಲಾಗ್ ತಂದ. ಕಡು ನೀಲಿ ಒಡಲು, ಅದಕ್ಕೆ ಬಿಳಿ ಗೆರೆ, ಕೂರಲು ಕಂದು ಚರ್ಮದ ಹಾಗೆ ಕಾಣುವ ರೆಕ್ಸಿನ್. ನೀವೂ ಹಾಗೇ ಮಾಡುತ್ತಿದ್ದಿರಿ, ನಾನೂ ಹಾಗೇ ಮಾಡುತ್ತಿದ್ದೆ. ಹೊಸ ಮನೆಗೆ ಹೋದಾಗ ನಲ್ಲಿ ಸೋರುತ್ತಿದೆಯಾ ಅಂತ ಯಾರು ನೋಡುತ್ತಾರೆ? ಪರದೆ ಬಟ್ಟೆ ನೋಡುತ್ತೇವೆ.

ತಡೆದವರು ಅವರ ಅಜ್ಜ. ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದವರು, ಮರದ ದೋಣಿ. ಈಗ ಕೈ ನಡುಗುತ್ತದೆ, ಮನೆಯಲ್ಲೇ ಇದ್ದಾರೆ. ವಿಡಿಯೋ ಕಾಲ್‌ನಲ್ಲಿ ದೋಣಿ ತೋರಿಸಿದರು. ಅಜ್ಜ ಕುಂದಾಪುರದ ಕನ್ನಡದಲ್ಲಿ ಐದು ನಿಮಿಷ ಏನೇನೋ ಹೇಳಿದರು. ಈ ಮಕ್ಕಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅಪ್ಪ ಕೆಲಸದ ಮೇಲೆ ಯಾನ್‌ಬುಗೆ ಹೋಗಿದ್ದರು. ನನಗೆ ಫೋನ್ ಬಂತು. ಆಂಟಿ, ನೀವು ಕನ್ನಡ ಎಂ.ಎ. ಅಲ್ವಾ, ಅಜ್ಜ ಏನು ಹೇಳ್ತಿದ್ದಾರೆ ಹೇಳಿ ಅಂತ. ಹಾಗೆ ನಾನು ಆ ದೋಣಿಗೆ ದುಭಾಷಿಯಾದೆ. ಎಂ.ಎ. ಓದಿದ್ದಕ್ಕೆ ಇಂಥ ಕೆಲಸ ಸಿಗುತ್ತದೆ ಅಂತ ನನಗೆ ಯಾವ ಪ್ರೊಫೆಸರೂ ಹೇಳಿರಲಿಲ್ಲ.

ಅಜ್ಜ ಹೇಳಿದ್ದು ಇಷ್ಟು: "ಬಣ್ಣ ಕಾಂಬುದ್ ಬ್ಯಾಡ ಮಾಣಿ. ಬಡ್ದ್ ಕೇಣ್."

ಬಣ್ಣ ನೋಡಬೇಡ ಹುಡುಗ, ಬಡಿದು ಕೇಳು. ಹಲಸಿನ ಹಣ್ಣನ್ನು ತಟ್ಟಿ ನೋಡುತ್ತಾರಲ್ಲ, ಹಾಗೆ. ಸುತ್ತಿಗೆಯ ಹಿಡಿಕೆಯಿಂದ ಒಂದೊಂದು ಗೇಣಿಗೂ ತಟ್ಟುತ್ತಾ ಹೋಗುವುದು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಒಳಗೆ ಕೊಳೆತಿದ್ದರೆ, ಪದರ ಬಿಟ್ಟಿದ್ದರೆ, ದೊಬ್ ಅನ್ನುತ್ತದೆ. ದೊಬ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಬೇಕು. ಅಕ್ಕ ತಮ್ಮ ಇಬ್ಬರೂ ಎರಡು ಸಂಜೆ ತಟ್ಟಿದರು. ಒಡಲು, ಅಂದರೆ ನೀರಲ್ಲಿ ಮುಳುಗುವ ಭಾಗ, ಹೆಚ್ಚುಕಡಿಮೆ ಎಲ್ಲ ಟಣ್. ಡೆಕ್ಕಿನ ಮೇಲೆ, ಜನ ನಡೆದಾಡುವ ಜಾಗದಲ್ಲಿ, ಮೂರು ಊಟದ ತಟ್ಟೆಯಷ್ಟು ದೊಡ್ಡ ದೊಡ್ಡ ವೃತ್ತಗಳು.

ಮೇಲೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ನಾನು ನಿಮಗೆ ಎಷ್ಟು ಸಲ ಹೇಳಿದ್ದೇನೋ. ಅದನ್ನು ಕಿವಿಯಿಂದ ಕೇಳಿದ್ದು ಅವತ್ತೇ.

ಹುಳುಕು ಬಂದದ್ದು ಹೇಗೆ? ಎರಡನೇ ಮಹಾಯುದ್ಧದ ನಂತರ ದೋಣಿಗಳಿಗೆ ಗಾಜಿನ ಎಳೆ ಮತ್ತು ರಾಳದ ಫೈಬರ್ ಬಂತು. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಡೆಕ್ಕು ಬರೀ ಫೈಬರ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು ತೆಳು ಪದರ, ನಡುವೆ ಪ್ಲೈವುಡ್. ಒಬ್ಬಟ್ಟಿನ ಒಳಗೆ ಹೂರಣ ಇದ್ದ ಹಾಗೆ. ನಲವತ್ತೈದು ವರ್ಷದಲ್ಲಿ ಯಾರ್ಯಾರೋ ಆ ಡೆಕ್ಕಿಗೆ ಸ್ಕ್ರೂ ಹೊಡೆದಿದ್ದಾರೆ. ಗಾಳ ನಿಲ್ಲಿಸಲು, ನೆರಳಿನ ಕಂಬಕ್ಕೆ, ಹಗ್ಗ ಕಟ್ಟುವ ಕೊಂಡಿಗೆ. ಪ್ರತಿ ಸ್ಕ್ರೂ ಒಂದು ಸಣ್ಣ ಬಾವಿ. ನೀರು ಇಳಿದು ಹೂರಣಕ್ಕೆ ಸೇರಿದೆ, ಹೊರಗೆ ಬರಲು ದಾರಿಯಿಲ್ಲ.

ಜಿದ್ದಾದಲ್ಲಿ ಮಳೆಯೇ ಇಲ್ಲವಲ್ಲ ಅಂದ ಹುಡುಗ. ಅಜ್ಜ ಕೇಳಿದರು, ದೋಣಿಯನ್ನು ಯಾವ ನೀರಲ್ಲಿ ತೊಳೆಯುತ್ತಿದ್ದರು ಅಂತ. ಉಪ್ಪು ಹೋಗಲಿ ಅಂತ ಪ್ರತಿಸಲ ಪೈಪ್ ಹಿಡಿದು ಸಿಹಿನೀರಲ್ಲಿ. ಹಾಗಾದರೆ ಅದೇ, ಅಂದರು ಅಜ್ಜ. ಉಪ್ಪುನೀರು ಮರವನ್ನು ಕಾಯುತ್ತದೆ, ಸಿಹಿನೀರು ತಿನ್ನುತ್ತದೆ. ಉಲ್ಟಾ ಅನ್ನಿಸುತ್ತದೆ ಅಲ್ವಾ? ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗುವುದಿಲ್ಲ. ಉಪ್ಪಿನಕಾಯಿ ಕೆಡದ ಕಾರಣವೂ ಅದೇ ಜಾತಿಯದು. (ಸಮುದ್ರದಲ್ಲಿ ಮರ ಕೊರೆಯುವ ಹುಳ ಇದೆ, ಅದು ಬೇರೆ ಶತ್ರು.)

ದುರಸ್ತಿ ಹೀಗೆ. ಮೇಲಿನ ಪದರವನ್ನು ಮುಚ್ಚಳದ ಹಾಗೆ ಕೊಯ್ದು ಎತ್ತಿದರು. ಒಳಗೆ ಪ್ಲೈವುಡ್ ಇರಲಿಲ್ಲ, ನೆನೆದ ಕಾಫಿಪುಡಿಯಂಥದ್ದು ಇತ್ತು. ಎಲ್ಲ ಕೆರೆದು, ಒಂದು ವಾರ ಒಣಗಿಸಿ, ಹೊಸ ಮೆರೈನ್ ಪ್ಲೈವುಡ್ಡಿನ ಆರೂ ಮುಖಕ್ಕೆ ಇಪಾಕ್ಸಿ ಬಳಿದು ಕೂರಿಸಿ, ಮೇಲೆ ಹೊಸ ಗಾಜಿನ ಬಟ್ಟೆ ಹಾಸಿ ಮುಚ್ಚಿದರು. ಆಮೇಲೆ ಸ್ಕ್ರೂ ಹಾಕುವ ಸರಿಯಾದ ಕ್ರಮ ಕಲಿತರು. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಇಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯುವುದು. ಈಗ ಸ್ಕ್ರೂ ಪಕ್ಕದಿಂದ ನೀರು ಇಳಿದರೂ ಮರ ಸಿಗುವುದಿಲ್ಲ. ಇಪ್ಪತ್ತೆಂಟು ತೂತು, ಪ್ರತಿಯೊಂದಕ್ಕೂ ಹೀಗೆ. ಹುಡುಗ ಹತ್ತನೆಯದಕ್ಕೇ ಸುಸ್ತಾದ.

ನಮ್ಮ ಸೆಕೆಯಲ್ಲಿ ಇಪಾಕ್ಸಿಯ ಜೊತೆ ಹುಷಾರು. ಬಿಸಿ ಹತ್ತು ಡಿಗ್ರಿ ಏರಿದರೆ ಅದು ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಲೋಟದಲ್ಲಿ ಕಲಸಿ ಹಾಗೇ ಬಿಟ್ಟರೆ ತನ್ನಷ್ಟಕ್ಕೆ ಕಾದು ಹೊಗೆ ಬಿಡುತ್ತದೆ. ಅಗಲ ತಟ್ಟೆಗೆ ಸುರಿಯಬೇಕು, ಸ್ವಲ್ಪ ಸ್ವಲ್ಪವೇ ಕಲಸಬೇಕು. ಅದಕ್ಕೇ ಬೆಳಗಿನ ಜಾವ ಐದಕ್ಕೆ ಎದ್ದು ಹೋಗುತ್ತಿದ್ದರು. ಗಾಜಿನ ಪುಡಿ ಮೈಗೆ ತಗುಲಿದರೆ ನಸುಗುನ್ನಿ ಸೋಕಿದ ಹಾಗೆ ತುರಿಕೆ. ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಉಜ್ಜುಕಾಗದ ಮುಟ್ಟಬೇಡಿ. ಇದನ್ನು ಆಂಟಿಯಾಗಿ ಹೇಳುತ್ತಿದ್ದೇನೆ.

ಇಲ್ಲಿ ನನ್ನ ಓದಿನ ಕಡೆಗೆ ಒಂದು ಸಣ್ಣ ತಿರುವು ತೆಗೆದುಕೊಳ್ಳುತ್ತೇನೆ, ಕ್ಷಮಿಸಿ. ಮಕ್ಕಾ ನಗರಕ್ಕೆ ಸಮುದ್ರವಿಲ್ಲ. ಕ್ರಿ.ಶ. 647ರಲ್ಲಿ ಖಲೀಫ ಉಸ್ಮಾನ್ ಜಿದ್ದಾವನ್ನು ಮಕ್ಕಾದ ಬಂದರಾಗಿ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಈ ದಡಕ್ಕೆ ಬಂದ ದೋಣಿಗಳಿಗೆ ಲೆಕ್ಕವಿಲ್ಲ. 1183ರಲ್ಲಿ ಸ್ಪೇನ್ ಕಡೆಯಿಂದ ಬಂದ ಇಬ್ನ್ ಜುಬೈರ್ ಎಂಬ ಯಾತ್ರಿಕ ಕೆಂಪು ಸಮುದ್ರ ದಾಟಿ ಜಿದ್ದಾಕ್ಕೆ ಬಂದ. ತಾನು ಕೂತು ಬಂದ ದೋಣಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೆ ಒಂದು ಮೊಳೆಯೂ ಇರಲಿಲ್ಲವಂತೆ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು. ಮೇಲೆ ತುಪ್ಪವನ್ನೋ ಹರಳೆಣ್ಣೆಯನ್ನೋ ಸೊರಮೀನಿನ ಎಣ್ಣೆಯನ್ನೋ ಬಳಿಯುತ್ತಿದ್ದರು, ಮೀನೆಣ್ಣೆಯೇ ಎಲ್ಲಕ್ಕಿಂತ ಒಳ್ಳೆಯದು ಅನ್ನುತ್ತಾನೆ. ಮರ ಬರುತ್ತಿದ್ದದ್ದು ಭಾರತದಿಂದ ಮತ್ತು ಯೆಮೆನ್‌ನಿಂದ. ಇದನ್ನು ಅಜ್ಜನಿಗೆ ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನಾವೂ ಮೀನೆಣ್ಣೆ ಹಚ್ಚುತ್ತಿದ್ದೆವು, ಗೇರೆಣ್ಣೆಯೂ ಹಚ್ಚುತ್ತಿದ್ದೆವು, ಅದರಲ್ಲೇನಿದೆ ಅಂದರು.

ಹೊಲಿದ ದೋಣಿ ಹಳೆಯ ಪುಸ್ತಕದ ಮಾತು ಅಂದುಕೊಳ್ಳಬೇಡಿ. ಅಜಂತಾ ಗುಹೆಯ ಐದನೇ ಶತಮಾನದ ಒಂದು ಚಿತ್ರವನ್ನು ನೋಡಿಕೊಂಡು, ಬಾಬು ಶಂಕರನ್ ಎಂಬ ಕೇರಳದ ಹಿರಿಯ ಕುಶಲಕರ್ಮಿಯ ಮುಂದಾಳತ್ವದಲ್ಲಿ, ಗೋವಾದಲ್ಲಿ ಅಂಥ ಒಂದು ಹಾಯಿ ಹಡಗು ಕಟ್ಟಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಅದನ್ನು ನೌಕಾಪಡೆಗೆ ಸೇರಿಸಿಕೊಂಡರು. ಹೆಸರು ಕೌಂಡಿನ್ಯ. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನೋಡಿದ್ದೀರಲ್ಲ, ಅದೇ ಎರಡು ತಲೆಯ ಹಕ್ಕಿ.

ಇನ್ನೊಂದು ಮಾತು, ಇದು ನನಗೆ ತುಂಬ ಇಷ್ಟವಾದದ್ದು. ಹಲಗೆಗಳ ಸಂದಿಗೆ ನಾರು, ಹತ್ತಿ ತುರುಕಿ ನೀರು ಬಾರದ ಹಾಗೆ ಮಾಡುವುದಕ್ಕೆ ಅರಬಿಯಲ್ಲಿ ಕಲಾಫತ್ ಅನ್ನುತ್ತಾರೆ. ಆ ಪದ ಪೋರ್ಚುಗೀಸರ ಬಾಯಿಗೆ ಹೋಗಿ, ಅವರ ಜೊತೆ ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಬಂದು ಕಲಾಪತ್ತಿ ಆಯಿತು. ಅಜ್ಜ ಮಾತಿನ ನಡುವೆ ಕಲಾಪತ್ತಿ ಅಂದಾಗ, ಪಕ್ಕದಲ್ಲಿ ನಿಂತಿದ್ದ ಸೌದಿ ಯಜಮಾನರು ತಟ್ಟನೆ ತಲೆಯೆತ್ತಿ ನೋಡಿದರು. ನಮ್ಮ ಮಾತಿನಲ್ಲಿ ಅವರಿಗೆ ಅರ್ಥವಾದ ಪದ ಅದೊಂದೇ. ಅಲ್ಲ, ಇನ್ನೊಂದು ಇದೆ: ಬಂದರು. ಪಾರ್ಸಿಯಿಂದ ಬಂದದ್ದು, ಅವರಿಗೂ ನಮಗೂ ಒಂದೇ.

ಸರಿ, ದೋಣಿಗೆ ವಾಪಸ್ ಬರೋಣ. ಡೆಕ್ಕು ಕೊಳೆತರೆ ಕಾಲು ಕುಸಿಯುತ್ತದೆ, ಅಷ್ಟೇ. ನೀರಿನ ಮಟ್ಟಕ್ಕಿಂತ ಕೆಳಗಿನ ತೂತು ಹಾಗಲ್ಲ. ದೋಣಿಯ ಒಡಲಿಗೆ ಬೇಕೆಂದೇ ಕೆಲವು ತೂತು ಇಟ್ಟಿರುತ್ತಾರೆ. ಎಂಜಿನ್ ತಣಿಸಲು ಸಮುದ್ರದ ನೀರು ಬರುವುದಕ್ಕೆ ಒಂದು, ಶೌಚಕ್ಕೆ ಒಂದೆರಡು. ಪ್ರತಿಯೊಂದಕ್ಕೂ ಒಳಗಡೆ ವಾಲ್ವು, ವಾಲ್ವಿಗೆ ರಬ್ಬರ್ ಪೈಪು. ಆ ಪೈಪು ಕಳಚಿತು ಅಂದುಕೊಳ್ಳಿ. ನೀರಿನಿಂದ ಅರ್ಧ ಮೀಟರ್ ಕೆಳಗಿರುವ ನಾಲ್ಕು ಸೆಂಟಿಮೀಟರ್ ಅಗಲದ ತೂತಿನಿಂದ ಸೆಕೆಂಡಿಗೆ ಎರಡು ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ನಮ್ಮ ಮನೆಗೆ ಬರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಹತ್ತು ಸೆಕೆಂಡಿಗೆ ಒಂದು ಕ್ಯಾನ್ ಯಾರೋ ಒಳಗೆ ಸುರಿದ ಹಾಗೆ. ಅಕ್ಕ ಈ ಲೆಕ್ಕ ಮಾಡಿ ಗೋಡೆಗೆ ಅಂಟಿಸಿದಳು. ಅವರಮ್ಮ ಅದನ್ನು ನೋಡಿ, ದೋಣಿಯೂ ಬೇಡ ಏನೂ ಬೇಡ ಅಂತ ಕೂತುಬಿಟ್ಟರು. ಅವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಅಮ್ಮನ ಭಯ ನ್ಯಾಯವಾದದ್ದು ಅಂತಲೇ ನಾನು ಹೇಳಿದೆ. ಆದರೆ ಆ ಲೆಕ್ಕ ಬರೆದದ್ದು ನಿಮ್ಮ ಮಗಳೇ ಅಂತಲೂ ಹೇಳಿದೆ.

ವಾಲ್ವುಗಳನ್ನು ಕೆರೆದು ನೋಡಿದರು. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ. ಉಪ್ಪುನೀರು ಆ ಸತುವನ್ನು ಮಾತ್ರ ಕದ್ದು ತಿನ್ನುತ್ತದೆ. ಆಕಾರ ಹಾಗೇ ಉಳಿಯುತ್ತದೆ, ಬಲ ಹೋಗಿರುತ್ತದೆ. ಚಾಕುವಿನಿಂದ ಗೀರಿದರೆ ಹಳದಿ ಬದಲು ಗುಲಾಬಿ ಬಣ್ಣ. ಸಾಮಾನ್ಯ ಸಮುದ್ರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಕೆಂಪು ಸಮುದ್ರದಲ್ಲಿ ಸುಮಾರು 40. ಮೂರು ವಾಲ್ವಿನಲ್ಲಿ ಎರಡು ಗುಲಾಬಿ. ಮೂರನ್ನೂ ತೆಗೆದು ಕಂಚಿನವು ಹಾಕಿದರು. ಒಡಲಿನ ಹೊರಗೆ ಸತುವಿನ ಗಟ್ಟಿಗಳನ್ನೂ ಕಟ್ಟಿದರು. ಸಮುದ್ರಕ್ಕೆ ತಿನ್ನಲೇಬೇಕಿದ್ದರೆ ಇದನ್ನು ತಿನ್ನಲಿ, ವಾಲ್ವು ಬಿಡಲಿ ಅಂತ. ವರ್ಷ ವರ್ಷ ಬದಲಿಸಬೇಕು.

ಎಂಜಿನ್ ವಿಷಯ ನನಗೆ ತಿಳಿಯುವುದಿಲ್ಲ, ಅದನ್ನು ಮೆಕ್ಯಾನಿಕ್ ನೋಡಿಕೊಂಡ. ಪೆಟ್ರೋಲ್ ಎಂಜಿನ್ನು. ಅವನು ಮಕ್ಕಳಿಗೆ ಕಲಿಸಿದ್ದು ಒಂದು ಅಭ್ಯಾಸ: ಎಂಜಿನ್ ಇರುವ ಪೆಟ್ಟಿಗೆಯ ಗಾಳಿ ಹೊರಹಾಕುವ ಫ್ಯಾನನ್ನು ನಾಲ್ಕು ನಿಮಿಷ ಓಡಿಸದೆ ಕೀ ತಿರುಗಿಸಬಾರದು. ಪೆಟ್ರೋಲ್ ಆವಿ ಕೆಳಗೆ ಕೂತಿರುತ್ತದೆ, ಒಂದು ಕಿಡಿ ಸಾಕು. ವೈರುಗಳನ್ನು ಪೂರ್ತಿ ಕಿತ್ತು ತವರ ಲೇಪಿಸಿದ ತಾಮ್ರದ ವೈರು ಎಳೆದರು. ಮನೆಗೆ ಹಾಕುವ ವೈರು ಈ ಗಾಳಿಯಲ್ಲಿ ಒಳಗೊಳಗೇ ಹಸಿರಾಗುತ್ತದೆ.

ಅಡುಗೆಜಾಗದ ಬಗ್ಗೆ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಹಳೆಯ ದೋಣಿಯಲ್ಲಿ ಗ್ಯಾಸ್ ಒಲೆ ಇತ್ತು, ಸಿಲಿಂಡರ್ ಬೆಂಚಿನ ಕೆಳಗೆ. ಹುಡುಗ ಅದನ್ನೇ ಹೊಳಪು ಮಾಡಿ ಇಟ್ಟುಕೊಳ್ಳೋಣ, ವಿಂಟೇಜ್ ಅಂದ. ನೋಡಪ್ಪ, ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಿದು ಬಾಗಿಲ ಸಂದಿಯಿಂದಾದರೂ ಹೊರಗೆ ಹೋದೀತು. ದೋಣಿ ಅನ್ನುವುದು ಒಂದು ಪಾತ್ರೆ. ಪಾತ್ರೆಗೆ ಸುರಿದದ್ದು ಪಾತ್ರೆಯಲ್ಲೇ ಇರುತ್ತದೆ, ನೀರಾದರೂ ಅನಿಲವಾದರೂ. ಸಿಲಿಂಡರಿಗೆ ಬೇರೆ ಪೆಟ್ಟಿಗೆ ಮಾಡಿ, ಅದರ ತಳದಿಂದ ನೇರ ಹೊರಗೆ ಕಿಂಡಿ ಇಟ್ಟರೆ ಮಾತ್ರ ಸರಿ. ಏಳು ಮೀಟರಿನ ದೋಣಿಯಲ್ಲಿ ಅದಕ್ಕೆ ಜಾಗವೆಲ್ಲಿ? ಫ್ಲಾಸ್ಕಿನಲ್ಲಿ ಚಹ, ಡಬ್ಬಿಯಲ್ಲಿ ಚಿತ್ರಾನ್ನ ತೆಗೆದುಕೊಂಡು ಹೋಗಿ ಅಂದೆ. ಒಲೆ ತೆಗೆದ ಜಾಗಕ್ಕೆ ಐಸ್ ಪೆಟ್ಟಿಗೆ ಬಂತು. ದಿಂಬು ಹಾಸಿಗೆಗಳ ಕವರು ನಾನೇ ಹೊಲಿದೆ. ಹಾಸಿಗೆಯ ಕೆಳಗೆ ಹಲಗೆಗೆ ತೂತು ಕೊರೆಸಿದೆ, ಗಾಳಿಯಾಡದಿದ್ದರೆ ಜಿದ್ದಾದ ತೇವಕ್ಕೆ ಎರಡೇ ವಾರದಲ್ಲಿ ಬೂಸಲು.

ಹಾಗಾದರೆ ಹಳೆಯದು ಅಂತ ಉಳಿದದ್ದೇನು? ಇದಕ್ಕೆ ಅಕ್ಕ ತಮ್ಮಂದಿರ ನಡುವೆ ದೊಡ್ಡ ಜಗಳವೇ ಆಯಿತು. ಕೊನೆಗೆ ಅಕ್ಕ ಹೇಳಿದ ಹಾಗೆ ನಡೆಯಿತು. ಜೀವ ಕಾಯುವುದೆಲ್ಲ ಹೊಸದು, ಕೈ ಮುಟ್ಟುವುದೆಲ್ಲ ಹಳೆಯದು. ಚುಕ್ಕಾಣಿಯ ಮರದ ಚಕ್ರ, ಕಿಟಕಿಯ ಚೌಕಟ್ಟು, ಹಗ್ಗ ಕಟ್ಟುವ ಕೊಂಡಿ, ಒಳಗಿನ ಸಣ್ಣ ತೇಗದ ಬಾಗಿಲು. ಚಕ್ರದ ಒಂದು ಕಡೆ ಯಾರದೋ ಹೆಬ್ಬೆರಳಿನಿಂದ ಸವೆದ ಗುಳಿ ಇತ್ತು. ಅದನ್ನು ಉಜ್ಜಿ ಸಮ ಮಾಡಬೇಡಿ ಅಂತ ಯಜಮಾನರು ಹೇಳಿಕಳಿಸಿದ್ದರು. ಅದು ಅವರ ತೀರಿಹೋದ ಅಣ್ಣನ ಬೆರಳಂತೆ. ನೀವು ಬಲದ್ ಪೇಟೆಯ ಹಳೇ ಮನೆಗಳ ಮರದ ರೋಷನ್ ಕಿಟಕಿಗಳನ್ನು ನೋಡಿದ್ದೀರಿ. 2014ರಲ್ಲಿ ಯುನೆಸ್ಕೋ ಆ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಿಂದ ಹಡಗಿನಲ್ಲಿ ಬಂದ ತೇಗವೂ ಆ ಕಿಟಕಿಗಳಲ್ಲಿದೆ. ಅಲ್ಲಿ ಈಗ ದುರಸ್ತಿ ನಡೆಯುವಾಗಲೂ ಇದೇ ಪ್ರಶ್ನೆ ಬರುತ್ತದೆ, ಎಷ್ಟು ಬದಲಿಸುವುದು, ಎಷ್ಟು ಬಿಡುವುದು ಅಂತ.

ಖರ್ಚು? ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಸೆಕೆಂಡ್ ಹ್ಯಾಂಡ್ ದೋಣಿ ಬರುತ್ತಿತ್ತು. ಯಜಮಾನರಿಗೂ ಅದು ಗೊತ್ತಿತ್ತು.

ಏಪ್ರಿಲ್ ಕೊನೆಯ ಶುಕ್ರವಾರ ನೀರಿಗಿಳಿಸುವ ದಿನ. ಗಂಗೊಳ್ಳಿಯಲ್ಲಾದರೆ ಉಬ್ಬರದಲ್ಲಿ ದೋಣಿ ತಂದು, ಇಳಿತದಲ್ಲಿ ನೆಲಕ್ಕೆ ಕೂತಾಗ ಕೆಲಸ ಮಾಡಿ, ಮತ್ತೆ ಉಬ್ಬರ ಬಂದಾಗ ತೇಲಿಸಬಹುದು. ಜಿದ್ದಾದಲ್ಲಿ ಉಬ್ಬರವಿಳಿತ ಕಣ್ಣಿಗೆ ಬೀಳದಷ್ಟು ಕಡಿಮೆ. ಕ್ರೇನೇ ಬೇಕು. ಎರಡು ಅಗಲ ಪಟ್ಟಿಗಳಲ್ಲಿ ತೊಟ್ಟಿಲ ಹಾಗೆ ತೂಗುತ್ತಾ ದೋಣಿ ಕೆಳಗಿಳಿಯಿತು. ನೀರು ಮುಟ್ಟಿತು, ತೇಲಿತು. ಎಲ್ಲರೂ ಚಪ್ಪಾಳೆ. ಯಜಮಾನರ ಮೊಮ್ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅವರ ಮನೆಯಿಂದ ದೊಡ್ಡ ತಟ್ಟೆಯಲ್ಲಿ ಊಟವೂ ಬಂದಿತ್ತು.

ಪಟ್ಟಿ ಬಿಚ್ಚಬೇಡಿ ಅಂದಳು ಅಕ್ಕ. ಅಜ್ಜ ಹೇಳಿದ್ದರು, ಅರ್ಧ ಗಂಟೆ ಪಟ್ಟಿಯಲ್ಲೇ ಇರಲಿ, ಒಳಗೆ ಇಳಿದು ಕೈಯಿಂದ ಮುಟ್ಟಿ ನೋಡು ಅಂತ. ಕ್ರೇನಿನವನು ಗೊಣಗಿದ, ಅವನಿಗೆ ಬೇರೆ ದೋಣಿಗಳಿದ್ದವು. ಅವಳು ಟಾರ್ಚ್ ಹಿಡಿದು ಒಳಗೆ ಹೋದಳು. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದಾಗ ಮೂರು ಬೆರಳು ಒದ್ದೆ. ಎಂಜಿನ್ ವಾಲ್ವಿನ ಹಿಂದೆ ಗೇಣುದ್ದದ ಪೈಪಿನ ತುಂಡು, ಕೈಗೆ ಸಿಗದ ಮೂಲೆಯಲ್ಲಿದ್ದದ್ದು. ಎಲ್ಲ ಪೈಪು ಬದಲಿಸಿದಾಗ ಅದೊಂದು ಉಳಿದುಹೋಗಿತ್ತು. ಹನಿ ಹನಿಯಾಗಿ ಬೀಳುತ್ತಿತ್ತು, ಅಷ್ಟೇ. ತಮ್ಮ ಅಂದ, ಕ್ಲ್ಯಾಂಪ್ ಬಿಗಿ ಮಾಡಿದರೆ ನಿಲ್ಲುತ್ತದೆ, ಇವತ್ತು ಹೋಗಿಬರೋಣ. ಮಕ್ಕಳೆಲ್ಲ ಕಾಯುತ್ತಿದ್ದರು. ಅವರಪ್ಪನ ಮುಖದಲ್ಲಿ ಸಂಕಟ. ಇಪ್ಪತ್ತು ವರ್ಷ ಅನ್ನ ಕೊಟ್ಟ ಮಾಲೀಕರ ಮುಂದೆ ಮಗಳು ಬೇಡ ಅನ್ನಬೇಕು.

ಅವಳು ಯಜಮಾನರ ಹತ್ತಿರ ಹೋಗಿ "ಬುಕ್ರಾ, ಯಾ ಅಮ್ಮಿ" ಅಂದಳು. ನಾಳೆ, ಅಂಕಲ್. ಈ ಊರಲ್ಲಿ ಆ ಪದವನ್ನು ಎಲ್ಲರೂ ನಮಗೆ ಹೇಳುತ್ತಾರೆ. ನಮ್ಮ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ಹೇಳಿದ್ದು ನಾನು ಮೊದಲ ಸಲ ಕೇಳಿದ್ದು. ಯಜಮಾನರು ಅವಳ ಒದ್ದೆ ಬೆರಳು ನೋಡಿದರು, ಕ್ರೇನಿನವನಿಗೆ ಮೇಲೆತ್ತು ಅಂತ ಕೈ ಮಾಡಿದರು. ಊಟವನ್ನು ದಡದಲ್ಲೇ ಕೂತು ಮಾಡಿದೆವು. ಪೈಪಿನ ತುಂಡನ್ನು ಕಿತ್ತು ಬಗ್ಗಿಸಿದಾಗ ಅದು ಹಪ್ಪಳದ ಹಾಗೆ ಮುರಿಯಿತು. ತಮ್ಮ ಆಮೇಲೆ ಏನೂ ಮಾತಾಡಲಿಲ್ಲ.

ಮರುದಿನವಲ್ಲ, ಮರುವಾರ ಹೋದೆವು. ಅಮ್ಮನೂ ಬಂದರು.

ಅಂದಹಾಗೆ, ಒಡಲಿಗೆ ಕಡು ನೀಲಿ ಬಣ್ಣ ಬರಲಿಲ್ಲ. ಈ ಬಿಸಿಲಿಗೆ ಕಡು ಬಣ್ಣ ಹಚ್ಚಿದರೆ ಒಳಗೆ ಕೂರಲಾಗುವುದಿಲ್ಲ. ಬಿಳಿಯೇ ಗತಿ. ಒಂದು ನೀಲಿ ಗೆರೆ ಮಾತ್ರ ತಮ್ಮನ ಸಮಾಧಾನಕ್ಕೆ.

ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಎಡಕ್ಕೆ ದೋಣಿಯ ಭಾಗಗಳ ಇಂಗ್ಲಿಷ್ ಹೆಸರು, ಬಲಕ್ಕೆ ಅಜ್ಜ ಹೇಳಿದ ಹೆಸರು, ನನ್ನ ಅಕ್ಷರದಲ್ಲಿ. ನಲವತ್ತು ತುಂಬಿದೆ, ಹದಿನೇಳು ಖಾಲಿ ಇದೆ. ಜುಲೈ ರಜೆಗೆ ಗಂಗೊಳ್ಳಿಗೆ ಹೋದಾಗ ಕೇಳಿ ಬರೆದುಕೊಳ್ಳುತ್ತಾಳಂತೆ, ಈ ಸಲ ತಾನೇ. ಕೇಳುತ್ತಿರುವ ನಿಮ್ಮಲ್ಲಿ ಮಲ್ಪೆ, ಹೊನ್ನಾವರ, ಭಟ್ಕಳ, ಅಂಕೋಲ, ಕಾಸರಗೋಡು ಕಡೆಯವರು ಇದ್ದೀರಿ. ದೋಣಿಯ ಮೂತಿಗೆ, ಹಿಂಬದಿಗೆ, ತಳದ ಉದ್ದ ಮರಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ, ಕೇಳಿ ನಮಗೆ ಕಳಿಸಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ಅರ್ಥವಾಗದಿದ್ದರೆ ಚಿಂತೆಯಿಲ್ಲ, ನಾನಿದ್ದೇನೆ.